ಡಿಕ್ಲೇರ್ ಮಾಡದ ‘ಸ್ಟೇಟಸ್’ ಬಳಸಿದರೂ ಇಎಸ್‌ಲಿಂಟ್ ಬೈಯಲಿಲ್ಲ, ಇಂಥ ಹೆಸರುಗಳನ್ನು ನಿಷೇಧಿಸುವುದು ಹೇಗೆ?

ಉದ್ರಿ_ಪುಸ್ತಕ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಚಿಕ್ಕದು, ಅದರ ಹಿಂದಿನ ಕಥೆ ಉದ್ದ. ಅವಸರ ಇದ್ದವರು ಕೊನೆಯ ಪ್ಯಾರಾ ಮಾತ್ರ ಓದಿ.

ನಾವು ಮೂರು ಜನ ಸೇರಿ ಒಂದು ಗೊಬ್ಬರ, ಬೀಜದ ಅಂಗಡಿಗೆ ಉದ್ರಿ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇವೆ. ರಿಯಾಕ್ಟ್ (ವೆಬ್ ಪೇಜ್ ಕಟ್ಟುವ ಲೈಬ್ರರಿ), ಬರೀ ಜಾವಾಸ್ಕ್ರಿಪ್ಟ್. ಟೈಪ್‌ಸ್ಕ್ರಿಪ್ಟ್ (ಟೈಪ್ ನೋಡಿ ಮೊದಲೇ ತಪ್ಪು ಹಿಡಿಯುವ ಜಾವಾಸ್ಕ್ರಿಪ್ಟ್) ಇಲ್ಲ. ಅದರಲ್ಲಿ ‘ಬಾಕಿ ಇರುವವರಿಗೆ ನೆನಪಿಸು’ ಅಂತ ಒಂದು ಬಟನ್ ಇದೆ. ಒತ್ತಿದರೆ ದುಡ್ಡು ಕೊಡಬೇಕಾದವರ ಪಟ್ಟಿ ತಯಾರಾಗಿ ಅವರಿಗೆಲ್ಲ ಮೆಸೇಜ್ ಹೋಗುತ್ತದೆ. ಹೋದ ವಾರ ಅಂಗಡಿಯವರು ಒತ್ತಿದ್ದಾರೆ, ಊರಿಗೆಲ್ಲ ಹೋಗಿದೆ. ಕಟ್ಟಿದವರಿಗೂ ಹೋಗಿದೆ, ಕಟ್ಟದವರಿಗೂ ಹೋಗಿದೆ. ಮರುದಿನ ಬೆಳಿಗ್ಗೆ ಶಟರ್ ಎತ್ತುವಷ್ಟರಲ್ಲಿ ರಸೀದಿ ಹಿಡಿದುಕೊಂಡು ಜನ ನಿಂತಿದ್ದರಂತೆ. ಅಂಗಡಿಯವರು ನನಗೆ ಫೋನಿನಲ್ಲಿ ಏನೇನು ಅಂದರು ಅನ್ನುವುದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಕೋಡ್ ತೆಗೆದು ನೋಡಿದೆ. ಫಿಲ್ಟರ್ ಮಾಡುವ ಫಂಕ್ಷನ್ ಮೊದಲು ಪ್ರತಿ ಬಿಲ್ಲಿನಿಂದ ‘ಅಮೌಂಟ್’, ‘ಸ್ಟೇಟಸ್’ ಎರಡನ್ನೂ ಬ್ರಾಕೆಟ್‌ನಲ್ಲೇ ಬೇರೆ ಬೇರೆ ವೇರಿಯಬಲ್ ಆಗಿ ಬಿಡಿಸಿಕೊಳ್ಳುತ್ತಿತ್ತು. ಯಾರೋ (ಸರಿ, ನಾನೇ) ಅದನ್ನು ಬದಲಿಸಿ ಇಡೀ ‘ಬಿಲ್’ ತೆಗೆದುಕೊಳ್ಳುವ ಹಾಗೆ ಮಾಡಿದ್ದೆ. ಆಗ ‘ಅಮೌಂಟ್’ ಇದ್ದಲ್ಲಿ ‘ಬಿಲ್ ಡಾಟ್ ಅಮೌಂಟ್’ ಅಂತ ತಿದ್ದಿದೆ, ‘ಸ್ಟೇಟಸ್’ ಹಾಗೇ ಉಳಿದುಹೋಯಿತು. ಅಂದರೆ ಈಗ ಕಂಡೀಷನ್ ಹೀಗಿದೆ: ಬಿಲ್ಲಿನ ಅಮೌಂಟ್ ಸೊನ್ನೆಗಿಂತ ಜಾಸ್ತಿ ಇರಬೇಕು, ಮತ್ತು ‘ಸ್ಟೇಟಸ್’ ಅನ್ನುವುದು ‘ಪೇಯ್ಡ್’ ಆಗಿರಬಾರದು. ಆ ಫೈಲಿನಲ್ಲಿ ‘ಸ್ಟೇಟಸ್’ ಅಂತ ವೇರಿಯಬಲ್ಲೇ ಇಲ್ಲ! ಇಲ್ಲದ ಹೆಸರು ಬಳಸಿದ್ದಕ್ಕೆ ರೆಫರೆನ್ಸ್ ಎರರ್ ಬಂದು ಪೇಜು ಸಾಯಬೇಕಿತ್ತು ಅಲ್ವಾ? ಸಾಯಲಿಲ್ಲ. ಆರಾಮಾಗಿ ಓಡಿತು.

ಕೋಡ್ ಓಡಿಸುವ ಮೊದಲೇ ಓದಿ ತಪ್ಪು ತೋರಿಸುವ ಲಿಂಟರ್, ಇಎಸ್‌ಲಿಂಟ್ ಇದೆ. ಒಂಬತ್ತನೇ ಆವೃತ್ತಿ, ಹೊಸ ಫ್ಲಾಟ್ ಕಾನ್ಫಿಗ್ (ಸೆಟ್ಟಿಂಗ್ ಬರೆಯುವ ಹೊಸ ರೀತಿ), ಅವರೇ ಕೊಡುವ ‘ರೆಕಮೆಂಡೆಡ್’ ರೂಲುಗಳು, ಅದರ ಜೊತೆ ‘ಗ್ಲೋಬಲ್ಸ್’ ಪ್ಯಾಕೇಜಿನ ಬ್ರೌಸರ್ ಪಟ್ಟಿ. ಡಿಕ್ಲೇರ್ ಮಾಡದ ಹೆಸರನ್ನು ಹಿಡಿಯುವ ‘ನೋ-ಅನ್‌ಡೆಫ್’ ಆನ್ ಆಗೇ ಇದೆ. ಅನುಮಾನ ಬಂದು ಅದೇ ಸಾಲಿನಲ್ಲಿ ‘ಸ್ಟೇಟಸ್‌ಸ್‌ಸ್’ ಅಂತ ಬರೆದು ನೋಡಿದೆ, ತಕ್ಷಣ ಕೆಂಪು ಗೆರೆ ಬಂತು. ಬರೀ ‘ಸ್ಟೇಟಸ್’ ಅಂದರೆ ಸುಮ್ನೆ ಇರುತ್ತದೆ.

ಇದು ಯಾಕೆ ಹೀಗೆ, ಮತ್ತು ‘ಈ ಈ ಹೆಸರುಗಳನ್ನು ಮುಟ್ಟಲೇಬೇಡ’ ಅಂತ ಇಎಸ್‌ಲಿಂಟ್‌ಗೆ ಹೇಳುವುದಕ್ಕೆ ದಾರಿ ಇದೆಯಾ? ‘ನೇಮ್’, ‘ಡೇಟಾ’ ಕೂಡ ನಿಷೇಧಿಸಬೇಕು ಅಂತ ನಮ್ಮ ಟೀಮಿನಲ್ಲಿ ಮಾತಾಗಿದೆ.

---

ರಾತ್ರಿ_ಪಾಳಿ

ಇಎಸ್‌ಲಿಂಟ್ ತಪ್ಪು ಮಾಡಿಲ್ಲ ಸರ್. ನೀವು ಹೇಳಿದ್ದನ್ನೇ ಅದು ನಂಬಿದೆ.

‘ಗ್ಲೋಬಲ್ಸ್’ ಪ್ಯಾಕೇಜಿನ ಬ್ರೌಸರ್ ಪಟ್ಟಿ ಹಾಕಿದ್ದೀರಲ್ಲ, ಅದರ ಅರ್ಥ ‘ಈ ನೂರಾರು ಹೆಸರುಗಳು ಬ್ರೌಸರ್‌ನಲ್ಲಿ ಮೊದಲೇ ಇರುತ್ತವೆ, ಇವನ್ನು ಕಂಡರೆ ಬೈಯಬೇಡ’ ಅಂತ. ‘ಡಾಕ್ಯುಮೆಂಟ್’, ‘ಫೆಚ್’ ಇರುವ ಅದೇ ಪಟ್ಟಿಯಲ್ಲಿ ‘ಸ್ಟೇಟಸ್’ ಕೂಡ ಇದೆ. ಬ್ರೌಸರ್‌ನಲ್ಲಿ ‘ವಿಂಡೋ’ ಅನ್ನುವುದೇ ಗ್ಲೋಬಲ್ ಆಬ್ಜೆಕ್ಟ್ (ಎಲ್ಲ ಕೋಡಿಗೂ ಕಾಣುವ ಹೆಸರುಗಳ ಗೂಡು), ಅದರ ಮೇಲಿರುವ ಪ್ರತಿಯೊಂದು ಪ್ರಾಪರ್ಟಿಯೂ ‘ವಿಂಡೋ’ ಅಂತ ಹೇಳದೆಯೇ ಬರೀ ಹೆಸರಿನಿಂದ ಸಿಗುತ್ತದೆ. ಹಳೇ ಬ್ರೌಸರ್‌ಗಳ ಕೆಳಗಡೆ ಒಂದು ಸ್ಟೇಟಸ್ ಬಾರ್ ಇರುತ್ತಿತ್ತು, ನೆನಪಿದೆಯಾ? ಲಿಂಕಿನ ಮೇಲೆ ಮೌಸ್ ಇಟ್ಟರೆ ಅಲ್ಲಿ ಅಕ್ಷರ ಓಡಿಸುತ್ತಿದ್ದರು. ಆ ಅಕ್ಷರ ಇಡುವ ಜಾಗವೇ ‘ವಿಂಡೋ ಡಾಟ್ ಸ್ಟೇಟಸ್’. ಈಗ ಅದಕ್ಕೆ ಏನು ಕೊಟ್ಟರೂ ಪರದೆ ಮೇಲೆ ಏನೂ ಆಗುವುದಿಲ್ಲ. ಆದರೆ ಹಳೇ ಸೈಟುಗಳು ಮುರಿಯಬಾರದು ಅಂತ ಪ್ರಾಪರ್ಟಿ ಮಾತ್ರ ಹಾಗೇ ಉಳಿಸಿದ್ದಾರೆ. ಅದರ ಬೆಲೆ ಖಾಲಿ ಸ್ಟ್ರಿಂಗ್. ಖಾಲಿ ಸ್ಟ್ರಿಂಗ್ ‘ಪೇಯ್ಡ್’ ಅಲ್ಲ, ಹಾಗಾಗಿ ನಿಮ್ಮ ಫಿಲ್ಟರ್ ಪ್ರಕಾರ ಯಾರೂ ಕಟ್ಟಿಲ್ಲ.

ಇಂಥವು ಬಹಳ ಇವೆ. ‘ನೇಮ್’ ಅಂದರೆ ಆ ವಿಂಡೋದ ಹೆಸರು, ಸಾಮಾನ್ಯವಾಗಿ ಖಾಲಿ. ‘ಲೆಂಗ್ತ್’ ಅಂದರೆ ಪೇಜಿನಲ್ಲಿ ಎಷ್ಟು ಫ್ರೇಮ್ ಇವೆ ಅನ್ನುವ ಸಂಖ್ಯೆ, ಐಫ್ರೇಮ್ ಇಲ್ಲದ ಪೇಜಿನಲ್ಲಿ ಸೊನ್ನೆ. ‘ಪೇರೆಂಟ್’, ‘ಟಾಪ್’, ‘ಸೆಲ್ಫ್’ ಎಲ್ಲ ವಿಂಡೋಗಳೇ. ‘ಈವೆಂಟ್’ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕಾಲದ್ದು. ‘ಫೈಂಡ್’, ‘ಸ್ಟಾಪ್’, ‘ಪ್ರಿಂಟ್’, ‘ಓಪನ್’, ‘ಕ್ಲೋಸ್’ ಅಂತ ಫಂಕ್ಷನ್‌ಗಳೂ ಇವೆ. ಇಂಪೋರ್ಟ್ ಮಾಡುವುದು ಮರೆತು ‘ಪ್ರಿಂಟ್’ ಅಂತ ಕರೆದರೆ ಎರರ್ ಬರುವುದಿಲ್ಲ, ನೇರವಾಗಿ ಪ್ರಿಂಟರ್ ಡೈಲಾಗ್ ತೆರೆಯುತ್ತದೆ. ನಾನು ಅನುಭವಿಸಿದ್ದೇನೆ.

ಇದಕ್ಕೆ ಇಎಸ್‌ಲಿಂಟ್‌ನಲ್ಲಿ ಇರುವ ರೂಲಿನ ಹೆಸರು ‘ನೋ-ರಿಸ್ಟ್ರಿಕ್ಟೆಡ್-ಗ್ಲೋಬಲ್ಸ್’. ‘ರೆಕಮೆಂಡೆಡ್’ ಸೆಟ್‌ನಲ್ಲಿ ಇದು ಇಲ್ಲ, ನಾವೇ ಹಾಕಿಕೊಳ್ಳಬೇಕು. ಫೋನಿನಿಂದ ಬರೆಯುತ್ತಿದ್ದೇನೆ, ಕೋಡ್ ಅಂಟಿಸುವುದಕ್ಕೆ ಆಗುತ್ತಿಲ್ಲ, ಬಾಯಲ್ಲೇ ಹೇಳುತ್ತೇನೆ. ನಿಮ್ಮ ಕಾನ್ಫಿಗ್ ಫೈಲಿನ ‘ರೂಲ್ಸ್’ ಒಳಗೆ ಈ ಹೆಸರು ಬರೆದು ಮುಂದೆ ಒಂದು ಅರೇ ಕೊಡಿ. ಅರೇಯ ಮೊದಲನೆಯದು ‘ಎರರ್’. ಆಮೇಲೆ ನಿಷೇಧಿಸಬೇಕಾದ ಹೆಸರುಗಳು ಒಂದರ ಹಿಂದೆ ಒಂದು, ಕೋಟ್‌ನಲ್ಲಿ. ಅಷ್ಟೇ. ಇನ್ನೂ ಚೆನ್ನಾಗಿ ಮಾಡಬೇಕು ಅಂದರೆ ಬರೀ ಹೆಸರಿನ ಬದಲು ಒಂದು ಆಬ್ಜೆಕ್ಟ್ ಕೊಡಿ, ಅದರಲ್ಲಿ ‘ನೇಮ್’ ಮತ್ತು ‘ಮೆಸೇಜ್’ ಅಂತ ಎರಡು ಕೀ. ಮೆಸೇಜಿನಲ್ಲಿ ‘ಇದು ವಿಂಡೋದ ಸ್ಟೇಟಸ್, ನಿನ್ನ ಬಿಲ್ಲಿನದಲ್ಲ’ ಅಂತ ಕನ್ನಡದಲ್ಲೇ ಬರೆಯಬಹುದು, ಟರ್ಮಿನಲ್‌ನಲ್ಲಿ ಹಾಗೇ ಕಾಣುತ್ತದೆ. ನಮ್ಮಲ್ಲಿ ಹಾಗೇ ಮಾಡಿದ್ದೇವೆ.

ಹೆಸರುಗಳನ್ನು ನೀವೇ ಕೂತು ಬರೆಯಬೇಕಿಲ್ಲ. ‘ಕನ್‌ಫ್ಯೂಸಿಂಗ್-ಬ್ರೌಸರ್-ಗ್ಲೋಬಲ್ಸ್’ ಅಂತ ಒಂದು ಪ್ಯಾಕೇಜ್ ಎನ್‌ಪಿಎಂನಲ್ಲಿ (ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರ) ಇದೆ. ರಿಯಾಕ್ಟ್ ಪ್ರಾಜೆಕ್ಟ್ ಶುರು ಮಾಡಿಕೊಡುವ ಟೂಲ್ ‘ಕ್ರಿಯೇಟ್ ರಿಯಾಕ್ಟ್ ಆ್ಯಪ್’ ಮಾಡಿದವರು ಬಿಟ್ಟಿದ್ದು. ಆ ಟೂಲ್ 2025ರಲ್ಲಿ ಡೆಪ್ರಿಕೇಟ್ ಆಯಿತು (ಇನ್ನು ಬಳಸಬೇಡಿ ಅಂದರು), ಆದರೆ ಇದು ಬರೀ ಹೆಸರುಗಳ ಅರೇ, ಹಳತಾದರೂ ಕೆಡುವಂಥದ್ದಲ್ಲ. ಐವತ್ತಕ್ಕೂ ಜಾಸ್ತಿ ಹೆಸರುಗಳಿವೆ. ಒಂದೇ ಎಚ್ಚರ: ಅದನ್ನು ಅರೇ ಒಳಗೆ ಅರೇ ಆಗಿ ಇಡಬೇಡಿ, ಮೂರು ಚುಕ್ಕಿ ಹಾಕಿ ಬಿಡಿಸಿ ಹಾಕಿ. ಇಲ್ಲದಿದ್ದರೆ ಕಾನ್ಫಿಗ್ಗೇ ಸರಿ ಇಲ್ಲ ಅಂತ ಎರರ್ ಬರುತ್ತದೆ.

---

ಟೈಪಿಗ

ಟೈಪ್‌ಸ್ಕ್ರಿಪ್ಟ್ ಹಾಕಿ ಗುರು, ಈ ಗೋಳೇ ಇರುವುದಿಲ್ಲ. ಯಾವ ಕಾಲದಲ್ಲಿದ್ದೀರಿ.

---

ರಾತ್ರಿ_ಪಾಳಿ

@ಟೈಪಿಗ ಇರುತ್ತದೆ ಗುರು. ಟೈಪ್‌ಸ್ಕ್ರಿಪ್ಟ್ ಜೊತೆ ಬರುವ ಡಾಮ್ ಲೈಬ್ರರಿ ಫೈಲಿನಲ್ಲಿ (ಬ್ರೌಸರ್ ಹೆಸರುಗಳ ಟೈಪ್ ಪಟ್ಟಿ) ‘ಸ್ಟೇಟಸ್’ ಸ್ಟ್ರಿಂಗ್ ಅಂತಲೇ ಇದೆ, ‘ಲೆಂಗ್ತ್’ ನಂಬರ್ ಅಂತ ಇದೆ. ಸ್ಟ್ರಿಂಗನ್ನು ಸ್ಟ್ರಿಂಗ್ ಜೊತೆ ಹೋಲಿಸಿದರೆ ಕಂಪೈಲರ್ ಯಾಕೆ ಬೈಯುತ್ತದೆ? ‘ನೇಮ್’ ಒಂದಕ್ಕೆ ಮಾತ್ರ ಅವರು ಬೇಕಂತಲೇ ‘ವಾಯ್ಡ್’ (ಬೆಲೆಯೇ ಇಲ್ಲ ಅನ್ನುವ) ಟೈಪ್ ಕೊಟ್ಟಿದ್ದಾರೆ, ಸ್ಟ್ರಿಂಗ್ ಬೇಕಾದ ಕಡೆ ಕೊಟ್ಟರೆ ಸಿಕ್ಕಿಬೀಳಲಿ ಅಂತ. ಅದರಿಂದಲೇ ಗೊತ್ತಾಗುತ್ತದಲ್ಲ, ಅವರೂ ಸಾಕಷ್ಟು ಸಲ ಏಟು ತಿಂದಿದ್ದಾರೆ ಅಂತ. ಇನ್ನೊಂದು ವಿಷಯ, ಟೈಪ್‌ಸ್ಕ್ರಿಪ್ಟ್ ಪ್ರಾಜೆಕ್ಟ್‌ಗಳಲ್ಲಿ ‘ನೋ-ಅನ್‌ಡೆಫ್’ ಆಫ್ ಮಾಡಿ ಅಂತ ಟೈಪ್‌ಸ್ಕ್ರಿಪ್ಟ್-ಇಎಸ್‌ಲಿಂಟ್ ಮಾಡಿದವರೇ ಹೇಳುತ್ತಾರೆ, ಆ ಕೆಲಸ ಕಂಪೈಲರ್ ಮಾಡುತ್ತದೆ ಅಂತ. ಅಲ್ಲಿ ಈ ನಿಷೇಧದ ರೂಲು ಇನ್ನೂ ಜಾಸ್ತಿ ಬೇಕು.

---

ಅಲ್ಪವಿರಾಮ

ರಾತ್ರಿ ಪಾಳಿಯವರು ಹೇಳಿದ್ದು ಸರಿ, ಆದರೆ ನನಗೆ ಆ ದಾರಿ ಸುತ್ತುಬಳಸು ಅನ್ನಿಸುತ್ತದೆ. ಮೊದಲು ನೂರಾರು ಹೆಸರಿಗೆ ‘ಇದೆ’ ಅಂತ ಹೇಳುವುದು, ಆಮೇಲೆ ಅದರಲ್ಲಿ ಐವತ್ತಕ್ಕೆ ‘ಇದೆ ಆದರೆ ಮುಟ್ಟಬೇಡ’ ಅನ್ನುವುದು. ‘ಇಲ್ಲ’ ಅಂತಲೇ ಹೇಳಿದರೆ ಮುಗಿಯಿತಲ್ಲ?

ಕಾನ್ಫಿಗ್‌ನಲ್ಲಿ ‘ಲ್ಯಾಂಗ್ವೇಜ್-ಆಪ್ಷನ್ಸ್’ ಒಳಗೆ ‘ಗ್ಲೋಬಲ್ಸ್’ ಇದೆಯಲ್ಲ, ಅಲ್ಲಿ ಬ್ರೌಸರ್ ಪಟ್ಟಿ ಬಿಡಿಸಿದ ಕೆಳಗೆ ‘ಸ್ಟೇಟಸ್’ ಅಂತ ಬರೆದು ಅದಕ್ಕೆ ‘ಆಫ್’ ಅಂತ ಬೆಲೆ ಕೊಡಿ. ‘ನೇಮ್’ಗೂ ‘ಆಫ್’, ‘ಲೆಂಗ್ತ್’ಗೂ ‘ಆಫ್’. ಪಟ್ಟಿಯ ಮೇಲೆ ಬರೆದರೆ ಪ್ರಯೋಜನ ಇಲ್ಲ, ಕೆಳಗೇ ಬರೆಯಬೇಕು. ಇಷ್ಟು ಮಾಡಿದರೆ ಈಗಾಗಲೇ ಆನ್ ಇರುವ ನೋ-ಅನ್‌ಡೆಫ್ ತಾನೇ ಹಿಡಿಯುತ್ತದೆ. ಹೊಸ ರೂಲೂ ಬೇಡ, ಹೊಸ ಪ್ಯಾಕೇಜೂ ಬೇಡ.

ನಿಜ ಹೇಳಬೇಕು ಅಂದರೆ ನಾನು ಬ್ರೌಸರ್ ಪಟ್ಟಿಯನ್ನೇ ಹಾಕುವುದಿಲ್ಲ. ನಮ್ಮ ಪ್ರಾಜೆಕ್ಟ್‌ನಲ್ಲಿ ‘ವಿಂಡೋ’, ‘ಡಾಕ್ಯುಮೆಂಟ್’, ‘ಕನ್ಸೋಲ್’, ‘ಫೆಚ್’, ‘ಸೆಟ್-ಟೈಮ್‌ಔಟ್’ ಹೀಗೆ ಹತ್ತು ಹನ್ನೆರಡು ಹೆಸರು ಕೈಯಲ್ಲೇ ಬರೆದಿದ್ದೇವೆ. ಬೇರೆ ಏನಾದರೂ ಬೇಕಾದರೆ ‘ವಿಂಡೋ ಡಾಟ್’ ಅಂತ ಬರೆಯಿರಿ, ಅಷ್ಟೇ. ಮನೆಗೆ ಯಾರನ್ನು ಬಿಡಬೇಕು ಅನ್ನುವ ಪಟ್ಟಿ ಇಟ್ಟುಕೊಳ್ಳುವುದು ಸುಲಭ. ಯಾರನ್ನು ಬಿಡಬಾರದು ಅಂತ ಪಟ್ಟಿ ಮಾಡಲು ಹೊರಟರೆ ಊರೇ ಇದೆ.

---

ರಾತ್ರಿ_ಪಾಳಿ

ಅಲ್ಪವಿರಾಮ ಅವರೇ, ಮೂರು ಜನರ ಟೀಮಿಗೆ ನಿಮ್ಮ ದಾರಿ ಒಳ್ಳೆಯದೇ, ನಾನು ಒಪ್ಪುತ್ತೇನೆ. ನನ್ನ ತಕರಾರು ಮೆಸೇಜಿನ ಬಗ್ಗೆ. ‘ಆಫ್’ ಮಾಡಿದರೆ ಬರುವುದು ‘ಸ್ಟೇಟಸ್ ಡಿಫೈನ್ ಆಗಿಲ್ಲ’ ಅಂತ ಒಂದು ಸಾಲು. ಹೊಸದಾಗಿ ಸೇರಿದ ಹುಡುಗ ಅಥವಾ ಹುಡುಗಿ ಏನು ಮಾಡುತ್ತಾರೆ? ಬ್ರೌಸರ್ ಕನ್ಸೋಲ್‌ನಲ್ಲಿ ‘ಸ್ಟೇಟಸ್’ ಅಂತ ಹೊಡೆದು ನೋಡುತ್ತಾರೆ. ಅಲ್ಲಿ ಇದೆ! ‘ಓ, ಲಿಂಟರ್‌ಗೆ ಗೊತ್ತಿಲ್ಲ ಪಾಪ’ ಅಂದುಕೊಂಡು ಫೈಲಿನ ಮೇಲೆ ‘ಗ್ಲೋಬಲ್ ಸ್ಟೇಟಸ್’ ಅಂತ ಒಂದು ಕಾಮೆಂಟ್ ಹಾಕುತ್ತಾರೆ. ನೋ-ಅನ್‌ಡೆಫ್ ಸುಮ್ಮನಾಗುತ್ತದೆ, ಬಗ್ ಹಾಗೇ ಉಳಿಯುತ್ತದೆ. ಇದು ಊಹೆ ಅಲ್ಲ, ನನ್ನ ಕಣ್ಣೆದುರಿಗೆ ಆಗಿದ್ದು. ನೋ-ರಿಸ್ಟ್ರಿಕ್ಟೆಡ್-ಗ್ಲೋಬಲ್ಸ್ ಆ ಕಾಮೆಂಟಿಗೆ ಬಗ್ಗುವುದಿಲ್ಲ. ಗ್ಲೋಬಲ್ ಅಂತ ನೀವು ಎಲ್ಲಿ ಬೇಕಾದರೂ ಬರೆದುಕೊಳ್ಳಿ, ನಿಷೇಧ ಅಂದರೆ ನಿಷೇಧ. ಮೇಲಾಗಿ ಯಾಕೆ ಅಂತ ನಮ್ಮದೇ ಮಾತಿನಲ್ಲಿ ಹೇಳುತ್ತದೆ.

---

ಅಲ್ಪವಿರಾಮ

ಆ ಕಾಮೆಂಟಿನ ಮಾತು ನಿಜ, ಅದನ್ನು ಯೋಚಿಸಿರಲಿಲ್ಲ. ಆದರೂ ಅಂಥ ಕಾಮೆಂಟ್ ರಿವ್ಯೂನಲ್ಲಿ ಕಣ್ಣಿಗೆ ಬೀಳಬೇಕು ಅಲ್ವಾ. ಎರಡೂ ಹಾಕಿಕೊಂಡರೆ ಒಂದೇ ಸಾಲಿಗೆ ಎರಡು ಎರರ್ ಬರುತ್ತದೆ, ಅದರಿಂದ ಯಾರೂ ಸಾಯುವುದಿಲ್ಲ.

---

ಉದ್ರಿ_ಪುಸ್ತಕ

ಇಬ್ಬರಿಗೂ ಥ್ಯಾಂಕ್ಸ್. ‘ವಿಂಡೋ ಡಾಟ್ ಸ್ಟೇಟಸ್’ ಅಂತ ಒಂದಿದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷದ ಹಿಂದಿನ ಸ್ಟೇಟಸ್ ಬಾರ್ ಬಂದು ನಮ್ಮ ರೈತರಿಗೆ ಮೆಸೇಜ್ ಕಳಿಸಿದೆ ಅಂತ ಅಂಗಡಿಯವರಿಗೆ ಹೇಗೆ ಹೇಳಲಿ?

ನೋ-ರಿಸ್ಟ್ರಿಕ್ಟೆಡ್-ಗ್ಲೋಬಲ್ಸ್ ಹಾಕಿದೆ, ಆ ಪ್ಯಾಕೇಜಿನ ಪಟ್ಟಿಯೂ ಹಾಕಿದೆ. ಕೆಲಸ ಮಾಡುತ್ತಿದೆ, ಆದರೆ ಪೂರ್ತಿ ಅಲ್ಲ. ಮೂರು ವಿಚಿತ್ರ ಕಂಡೆ. ಕ್ಲಿಕ್ ಹ್ಯಾಂಡ್ಲರ್‌ಗಳಲ್ಲಿ ಎಲ್ಲ ಕಡೆ ‘ಈವೆಂಟ್’ ಬಳಸಿದ್ದೇವೆ, ಅದು ನಿಷೇಧದ ಪಟ್ಟಿಯಲ್ಲಿದೆ, ಆದರೂ ಬೈಯುತ್ತಿಲ್ಲ. ‘ಡೇಟಾ’ ಅಂತ ನಾನೇ ಸೇರಿಸಿದೆ, ಅದನ್ನಂತೂ ಕಣ್ಣೆತ್ತಿಯೂ ನೋಡುತ್ತಿಲ್ಲ. ಮತ್ತೆ ಟೆಸ್ಟ್ ಫೋಲ್ಡರ್‌ನಲ್ಲಿ ಬೇಕಂತಲೇ ‘ಸ್ಟೇಟಸ್’ ಬರೆದು ನೋಡಿದರೆ ಅಲ್ಲಿ ನಿಷೇಧವೇ ಇಲ್ಲ!

---

ಅಲ್ಪವಿರಾಮ

ಮೊದಲಿನ ಎರಡಕ್ಕೂ ಒಂದೇ ಕಾರಣ. ಈ ರೂಲು ಹೆಸರನ್ನು ನಿಷೇಧಿಸುವುದಿಲ್ಲ, ಆ ಹೆಸರಿನ ಗ್ಲೋಬಲ್ಲನ್ನು ನಿಷೇಧಿಸುತ್ತದೆ. ನಿಮ್ಮ ಹ್ಯಾಂಡ್ಲರ್ ‘ಈವೆಂಟ್’ ಅನ್ನು ಪ್ಯಾರಾಮೀಟರ್ ಆಗಿ ತೆಗೆದುಕೊಂಡರೆ ಅದು ನಿಮ್ಮದೇ ವೇರಿಯಬಲ್, ಅದಕ್ಕೆ ಯಾಕೆ ಬೈಯಬೇಕು? ಪ್ಯಾರಾಮೀಟರ್ ಬರೆಯುವುದು ಮರೆತು ಒಳಗೆ ‘ಈವೆಂಟ್’ ಅಂದರೆ ಮಾತ್ರ ಬೈಯುತ್ತದೆ. ನಮಗೆ ಬೇಕಾಗಿರುವುದೂ ಅದೇ. ನಿಮ್ಮ ‘ಡೇಟಾ’ ಎಲ್ಲ ಕಡೆ ‘ಕಾನ್ಸ್ಟ್ ಡೇಟಾ’ ಅಂತ ಡಿಕ್ಲೇರ್ ಆಗಿರುತ್ತದೆ, ಹಾಗಾಗಿ ಈ ರೂಲಿಗೆ ಅದು ಸಂಬಂಧವೇ ಇಲ್ಲ.

‘ಡೇಟಾ ಅಂತ ಯಾರೂ ಹೆಸರೇ ಇಡಬಾರದು’ ಅನ್ನುವುದು ಬೇರೆ ಆಸೆ. ಅದಕ್ಕೆ ‘ಐಡಿ-ಡಿನೈಲಿಸ್ಟ್’ ಅಂತ ಬೇರೆ ರೂಲಿದೆ (ಹಳೇ ಲೇಖನಗಳಲ್ಲಿ ‘ಐಡಿ-ಬ್ಲ್ಯಾಕ್‌ಲಿಸ್ಟ್’ ಅಂತ ಕಂಡರೆ ಅದೇ ಇದು, 2020ರಲ್ಲಿ ಹೆಸರು ಬದಲಾಯಿತು). ಹಾಕುವುದಕ್ಕೆ ಮೊದಲು ಯೋಚಿಸಿ ಸರ್. ಸರ್ವರ್‌ನಿಂದ ಬರುವ ಉತ್ತರದಲ್ಲಿ ‘ಡೇಟಾ’ ಅಂತ ಒಂದು ಫೀಲ್ಡ್ ಇದ್ದೇ ಇರುತ್ತದೆ, ಅದನ್ನು ಬಿಡಿಸಿಕೊಂಡ ಕಡೆಯೆಲ್ಲ ಕೆಂಪು ಗೆರೆ. ನಾವು ಒಂದು ಸಲ ‘ಡೇಟಾ’, ‘ಟೆಂಪ್’, ‘ಇನ್ಫೋ’ ಮೂರನ್ನೂ ನಿಷೇಧಿಸಿದ್ದೆವು. ಒಂದೇ ವಾರಕ್ಕೆ ಕೋಡ್ ತುಂಬ ‘ಡೇಟಾ1’, ‘ಮೈ-ಡೇಟಾ’, ‘ದ-ಡೇಟಾ’! ಹೆಸರು ಚೆನ್ನಾಗಿಲ್ಲ ಅನ್ನುವುದನ್ನು ಮನುಷ್ಯರು ಮನುಷ್ಯರಿಗೆ ಹೇಳಬೇಕು, ಲಿಂಟರ್ ಕೈಯಲ್ಲಿ ಹೇಳಿಸಬಾರದು. ತೆಗೆದುಹಾಕಿದೆವು.

ಟೆಸ್ಟ್ ಫೋಲ್ಡರ್ ಬಗ್ಗೆ: ನಿಮ್ಮ ಕಾನ್ಫಿಗ್ ಅರೇಯಲ್ಲಿ ಟೆಸ್ಟ್ ಫೈಲುಗಳಿಗೆ ಅಂತ ಪ್ರತ್ಯೇಕ ಬ್ಲಾಕ್ ಇದೆಯಾ? ಅದರಲ್ಲೂ ಇದೇ ರೂಲು ಇದೆಯಾ ನೋಡಿ.

---

ಉದ್ರಿ_ಪುಸ್ತಕ

ಇದೆ! ನಮ್ಮಲ್ಲೊಬ್ಬರು ಹಿಂದೆ ಎಲ್ಲಿಂದಲೋ ತಂದು ಹಾಕಿದ್ದಾರೆ. ‘ಎಫ್-ಡಿಸ್ಕ್ರೈಬ್’ ಮತ್ತು ‘ಎಫ್-ಇಟ್’ ನಿಷೇಧ ಅಂತ. ಆದರೆ ಅದು ಇದರ ಜೊತೆ ಸೇರಿಕೊಳ್ಳಬೇಕು ತಾನೇ? ಅಲ್ಲಿ ಎರಡು, ಇಲ್ಲಿ ಐವತ್ತು, ಒಟ್ಟು ಐವತ್ತೆರಡು.

---

ರಾತ್ರಿ_ಪಾಳಿ

ಸೇರುವುದಿಲ್ಲ. ಇದರಲ್ಲಿ ಎಲ್ಲರೂ ಒಮ್ಮೆ ಬೀಳುತ್ತಾರೆ.

ಒಂದೇ ರೂಲಿಗೆ ಎರಡು ಬ್ಲಾಕ್‌ಗಳಲ್ಲಿ ಆಪ್ಷನ್ ಕೊಟ್ಟರೆ, ಆ ಫೈಲಿಗೆ ಕೊನೆಯಲ್ಲಿ ಹೊಂದಿದ ಬ್ಲಾಕಿನ ಆಪ್ಷನ್ ಮಾತ್ರ ಉಳಿಯುತ್ತದೆ, ಮೊದಲಿನದು ಪೂರ್ತಿ ಹೋಗುತ್ತದೆ. ಟೆಸ್ಟ್ ಫೈಲುಗಳಿಗೆ ಈಗ ಆ ಎರಡೇ ಹೆಸರು ನಿಷೇಧ. ಆಪ್ಷನ್ ಕೊಡದೆ ಬರೀ ‘ಎರರ್’ ಅಥವಾ ‘ವಾರ್ನ್’ ಅಂತ ಬರೆದರೆ ಮಾತ್ರ ಹಳೇ ಪಟ್ಟಿ ಹಾಗೇ ಇದ್ದು ಗದರುವ ಮಟ್ಟ ಬದಲಾಗುತ್ತದೆ. ಏರ್‌ಬಿಎನ್‌ಬಿ ಕಂಪನಿಯವರ ರೆಡಿಮೇಡ್ ಕಾನ್ಫಿಗ್ ಬಳಸುವವರಿಗೂ ಇದೇ ಆಗುತ್ತದೆ. ಅದರಲ್ಲಿ ಈ ಗೊಂದಲದ ಹೆಸರುಗಳ ಪಟ್ಟಿ ಮೊದಲೇ ಇದೆ, ಜೊತೆಗೆ ಗ್ಲೋಬಲ್ ‘ಈಸ್-ನ್ಯಾನ್’ (ಬೆಲೆ ಸಂಖ್ಯೆ ಅಲ್ಲವೇ ಅಂತ ನೋಡುವುದು) ಬೇಡ, ‘ನಂಬರ್ ಡಾಟ್ ಈಸ್-ನ್ಯಾನ್’ ಬಳಸಿ ಅಂತಲೂ ಇದೆ. ನಾವು ಕೆಳಗೆ ನಮ್ಮದೊಂದು ಹೆಸರು ಸೇರಿಸಲು ಹೋಗಿ ಅವರದ್ದನ್ನೆಲ್ಲ ಅಳಿಸಿರುತ್ತೇವೆ, ಗೊತ್ತೇ ಆಗಿರುವುದಿಲ್ಲ.

ಪರಿಹಾರ ಸುಲಭ. ಕಾನ್ಫಿಗ್ ಫೈಲಿನ ಮೇಲ್ಗಡೆ ನಿಷೇಧದ ಪಟ್ಟಿಯನ್ನು ಒಂದು ಕಾನ್ಸ್ಟ್‌ನಲ್ಲಿ ಇಡಿ. ಮುಖ್ಯ ಬ್ಲಾಕ್‌ನಲ್ಲಿ ಅದನ್ನು ಬಿಡಿಸಿ, ಟೆಸ್ಟ್ ಬ್ಲಾಕ್‌ನಲ್ಲಿ ಅದನ್ನೇ ಬಿಡಿಸಿ ಕೆಳಗೆ ಆ ಎರಡನ್ನು ಸೇರಿಸಿ. ಆ ಎರಡು ಒಳ್ಳೆಯವೇ, ತೆಗೆಯಬೇಡಿ. ಟೆಸ್ಟ್ ಓಡಿಸುವ ಜೆಸ್ಟ್‌ನಲ್ಲಿ ‘ಎಫ್-ಡಿಸ್ಕ್ರೈಬ್’ ಬರೆದು ಮರೆತರೆ ಆ ಫೈಲಿನಲ್ಲಿ ಅದೊಂದೇ ಗುಂಪು ಓಡುತ್ತದೆ, ಉಳಿದವು ಸ್ಕಿಪ್, ಮೇಲೆ ಹಸಿರು ಟಿಕ್ ನೋಡಿ ಎಲ್ಲರೂ ಖುಷಿ.

ಒಂದು ಫೈಲಿಗೆ ಕೊನೆಗೆ ಯಾವ ರೂಲು ಹೇಗೆ ಬಿತ್ತು ಅಂತ ನೋಡಲು ‘ಪ್ರಿಂಟ್-ಕಾನ್ಫಿಗ್’ ಅಂತ ಒಂದು ಆಪ್ಷನ್ ಇದೆ. ಫೈಲಿನ ದಾರಿ ಕೊಟ್ಟರೆ ಎಲ್ಲವನ್ನೂ ಲೆಕ್ಕ ಹಾಕಿ ಸುರಿಯುತ್ತದೆ. ತಲೆ ಕೆರೆದುಕೊಳ್ಳುವ ಮೊದಲು ಅದನ್ನು ಓಡಿಸಿ.

---

ಹಾವಾಡಿಗ_ಪೈಥಾನ್

ಮಧ್ಯ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಪೈಥಾನ್‌ನಲ್ಲೂ ಇದೇ ರೋಗ. ‘ಐಡಿ’, ‘ಟೈಪ್’, ‘ಲಿಸ್ಟ್’, ‘ಇನ್‌ಪುಟ್’, ‘ಮ್ಯಾಕ್ಸ್’ ಎಲ್ಲ ಬಿಲ್ಟ್‌ಇನ್ ಹೆಸರುಗಳು. ಪ್ಯಾರಾಮೀಟರ್ ಹೆಸರು ಬದಲಿಸಿ ಒಳಗಡೆ ‘ಟೈಪ್’ ಹಾಗೇ ಬಿಟ್ಟರೆ, ‘ಟೈಪ್ ಈಸ್ ಈಕ್ವಲ್ ಟು ಕ್ರೆಡಿಟ್’ ಅನ್ನುವ ಕಂಡೀಷನ್ ಯಾವತ್ತೂ ನಿಜ ಆಗುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಪೈಥಾನ್‌ನ ಲಿಂಟರ್ ಪೈಲಿಂಟ್‌ನಲ್ಲಿ ‘ರೀಡಿಫೈನ್ಡ್-ಬಿಲ್ಟ್‌ಇನ್’ ಅನ್ನುವ ಚೆಕ್ ಇದೆ, ಆದರೆ ಅದು ನೀವು ಆ ಹೆಸರನ್ನು ನಿಮ್ಮ ವೇರಿಯಬಲ್‌ಗೆ ಇಟ್ಟಾಗ ಬೈಯುವುದು. ಒಂದು ರೀತಿಯಲ್ಲಿ ಅದೇ ಸರಿ. ಮೊದಲಿಂದಲೇ ‘ಟೈಪ್’ ಅಂತ ಹೆಸರು ಇಡದಿದ್ದರೆ ಮುಂದೆ ಬದಲಿಸುವಾಗ ಹಳೇ ‘ಟೈಪ್’ ಉಳಿಯುವ ಪ್ರಶ್ನೆಯೇ ಇಲ್ಲ. ನೀವೂ ‘ಸ್ಟೇಟಸ್’ ಬದಲು ‘ಬಿಲ್-ಸ್ಟೇಟಸ್’ ಅಂತಿದ್ದರೆ ಆ ದಿನವೇ ಸಿಕ್ಕಿಬೀಳುತ್ತಿತ್ತು.

ಹೆಸರು ನಿಷೇಧದ ಮಾತು ಬಂತು ಅಂತ ಹೇಳುತ್ತೇನೆ. ಪೈಲಿಂಟ್‌ನಲ್ಲಿ ಡೀಫಾಲ್ಟ್ ಆಗಿ ನಿಷೇಧ ಇರುವ ಹೆಸರುಗಳು ಆರು: ಫೂ, ಬಾರ್, ಬಾಜ್, ಟೋಟೋ, ಟುಟು, ಟಾಟಾ. ಕೊನೆಯ ಮೂರು ಯಾಕೆ ಅಂತ ಬಹಳ ದಿನ ಯೋಚಿಸಿದ್ದೆ. ಪೈಲಿಂಟ್ ಹುಟ್ಟಿದ್ದು ಫ್ರಾನ್ಸಿನ ಕಂಪನಿಯಲ್ಲಿ, ಅಲ್ಲಿಯವರು ಸುಮ್ನೆ ಹೆಸರು ಬೇಕಾದಾಗ ಟೋಟೋ, ಟುಟು ಅಂತಾರಂತೆ. ನಮ್ಮವರು ಮಾಡಿದ್ದರೆ ಆ ಪಟ್ಟಿಯಲ್ಲಿ ‘ಟೆಂಪ್’, ‘ಟೆಂಪ್1’, ‘ಟೆಂಪ್-ಫೈನಲ್’ ಇರುತ್ತಿದ್ದವು.

---

ಫಿಲ್ಟರ್_ಕಾಫಿ

ಒಳ್ಳೆ ಚರ್ಚೆ. ನಾನು ಎರಡು ಮಾತು ಸೇರಿಸುತ್ತೇನೆ.

ಈ ರೂಲನ್ನು ಬರೀ ಗೊಂದಲದ ಹೆಸರುಗಳಿಗೆ ಮಾತ್ರ ಬಳಸಬೇಕು ಅಂತಿಲ್ಲ. ನಮ್ಮಲ್ಲಿ ‘ಲೋಕಲ್-ಸ್ಟೋರೇಜ್’ (ಬ್ರೌಸರ್‌ನಲ್ಲೇ ಮಾಹಿತಿ ಉಳಿಸುವ ಜಾಗ) ನಿಷೇಧ. ಅದು ಗೊಂದಲದ ಹೆಸರಲ್ಲ, ಆದರೆ ಕ್ರೋಮ್‌ನಲ್ಲಿ ಕುಕೀಗಳನ್ನು ಪೂರ್ತಿ ಬ್ಲಾಕ್ ಮಾಡಿದ ಬಳಕೆದಾರರಲ್ಲಿ ಅದನ್ನು ಮುಟ್ಟಿದರೆ ಸಾಕು ಸೆಕ್ಯೂರಿಟಿ ಎರರ್ ಎಸೆಯುತ್ತದೆ, ಪೇಜ್ ಬಿಳಿ. ಹಾಗಾಗಿ ಅದನ್ನು ಟ್ರೈ-ಕ್ಯಾಚ್ ಒಳಗೆ ಸುತ್ತಿ ಒಂದೇ ಫೈಲಿನಲ್ಲಿ ಇಟ್ಟಿದ್ದೇವೆ, ಉಳಿದವರೆಲ್ಲ ಆ ಫೈಲಿನ ಫಂಕ್ಷನ್ ಬಳಸಬೇಕು. ನಿಷೇಧದ ಮೆಸೇಜಿನಲ್ಲೇ ಆ ಫೈಲಿನ ಹೆಸರು ಬರೆದಿದ್ದೇವೆ. ಆ ಒಂದು ಫೈಲಿಗೆ ಮಾತ್ರ ಪ್ರತ್ಯೇಕ ಬ್ಲಾಕ್ ಬರೆದು, ‘ಲೋಕಲ್-ಸ್ಟೋರೇಜ್’ ಇಲ್ಲದ ಪಟ್ಟಿ ಕೊಟ್ಟಿದ್ದೇವೆ.

ಯಾರೋ ‘ವಿಂಡೋ ಡಾಟ್ ಲೋಕಲ್-ಸ್ಟೋರೇಜ್’ ಅಂತ ಬರೆದು ತಪ್ಪಿಸಿಕೊಂಡರೆ? ತಪ್ಪಿಸಿಕೊಳ್ಳಬಹುದು, ಈ ರೂಲು ಸಾಮಾನ್ಯವಾಗಿ ಬರೀ ಹೆಸರನ್ನೇ ನೋಡುವುದು. ಅದನ್ನೂ ಮುಚ್ಚಬೇಕಾದರೆ ‘ನೋ-ರಿಸ್ಟ್ರಿಕ್ಟೆಡ್-ಪ್ರಾಪರ್ಟೀಸ್’ ಅಂತ ಅಣ್ಣ ತಮ್ಮನ ಹಾಗೆ ಇನ್ನೊಂದು ರೂಲಿದೆ, ಅದರಲ್ಲಿ ಆಬ್ಜೆಕ್ಟ್ ‘ವಿಂಡೋ’, ಪ್ರಾಪರ್ಟಿ ‘ಲೋಕಲ್-ಸ್ಟೋರೇಜ್’ ಅಂತ ಕೊಡಬೇಕು. ಆದರೆ ‘ಸ್ಟೇಟಸ್’, ‘ನೇಮ್’, ‘ಲೊಕೇಶನ್’ ಥರದವಕ್ಕೆ ಇದನ್ನು ಮಾಡಬೇಡಿ. ‘ವಿಂಡೋ ಡಾಟ್ ಲೊಕೇಶನ್’ ಅಂತ ಪೂರ್ತಿ ಬರೆದವರಿಗೆ ತಾವು ಏನು ಕೇಳುತ್ತಿದ್ದೇವೆ ಅಂತ ಗೊತ್ತಿದೆ. ಅಷ್ಟು ಸಾಕು.

ಮತ್ತೆ, ‘ವಾರ್ನ್’ ಹಾಕಬೇಡಿ. ವಾರ್ನಿಂಗ್ ಎಷ್ಟೇ ಬಂದರೂ ಇಎಸ್‌ಲಿಂಟ್ ಪಾಸ್ ಅಂತಲೇ ಹೊರಬರುತ್ತದೆ, ಬಿಲ್ಡ್ ನಿಲ್ಲುವುದಿಲ್ಲ. ‘ಮ್ಯಾಕ್ಸ್-ವಾರ್ನಿಂಗ್ಸ್’ ಸೊನ್ನೆ ಅಂತ ಕೊಟ್ಟರೆ ನಿಲ್ಲುತ್ತದೆ, ಆದರೆ ಅದಕ್ಕಿಂತ ಸೀದಾ ‘ಎರರ್’ ಅನ್ನಿ. ನಿಜವಾಗಲೂ ಬೇಕಾದ ಕಡೆ ಮುಂದಿನ ಸಾಲಿಗೆ ಡಿಸೇಬಲ್ ಮಾಡುವ ಕಾಮೆಂಟ್ ಹಾಕಿ, ಎರಡು ಗೆರೆ ಎಳೆದು ಪಕ್ಕದಲ್ಲಿ ಕಾರಣ ಬರೆಯಬಹುದು. ಕಾರಣ ಇಲ್ಲದ ಡಿಸೇಬಲ್ ಕಾಮೆಂಟನ್ನು ನಾವು ರಿವ್ಯೂನಲ್ಲಿ ಒಪ್ಪುವುದಿಲ್ಲ.

---

ಉದ್ರಿ_ಪುಸ್ತಕ

ಎಲ್ಲ ಮಾಡಿದೆ. ಪಟ್ಟಿಯನ್ನು ಒಂದೇ ಕಡೆ ಇಟ್ಟೆ, ಟೆಸ್ಟ್ ಬ್ಲಾಕ್ ಸರಿ ಮಾಡಿದೆ, ‘ಡೇಟಾ’ ನಿಷೇಧದ ಆಸೆ ಬಿಟ್ಟೆ. ಮಧ್ಯದಲ್ಲಿ ಒಂದು ಹಳೇ ಪ್ರಾಜೆಕ್ಟ್‌ಗೂ ಇದೇ ಹಾಕೋಣ ಅಂತ ಹೋದರೆ ‘ಆಡಿಯೋ-ವರ್ಕ್‌ಲೆಟ್-ಗ್ಲೋಬಲ್-ಸ್ಕೋಪ್’ ಅನ್ನುವ ಹೆಸರಿನ ಕೊನೆಯಲ್ಲಿ ಸ್ಪೇಸ್ ಇದೆ ಅಂತ ಇಎಸ್‌ಲಿಂಟ್ ಕಾನ್ಫಿಗ್ಗೇ ಓದದೆ ಕೂತಿತು. ನಾನಂತೂ ಆ ಹೆಸರನ್ನು ಜೀವನದಲ್ಲಿ ಬರೆದಿಲ್ಲ! ಹುಡುಕಿದ ಮೇಲೆ ಗೊತ್ತಾಯಿತು, ‘ಗ್ಲೋಬಲ್ಸ್’ ಪ್ಯಾಕೇಜಿನ ಹಳೇ ಆವೃತ್ತಿಯಲ್ಲೇ ಆ ಸ್ಪೇಸ್ ಇತ್ತಂತೆ. ಹೊಸದು ಹಾಕಿದ ಮೇಲೆ ಹೋಯಿತು. ಮುಂದೆ ಯಾರಾದರೂ ಹುಡುಕಿಕೊಂಡು ಇಲ್ಲಿಗೆ ಬಂದರೆ ಉಪಯೋಗಕ್ಕೆ ಬರಲಿ ಅಂತ ಬರೆದಿದ್ದೇನೆ.

ಈಗ ಲಿಂಟ್ ಓಡಿಸಿದರೆ ಒಟ್ಟು 31 ಎರರ್ ಬಂದವು. 28 ‘ಲೊಕೇಶನ್’, ‘ಹಿಸ್ಟರಿ’, ‘ಕನ್‌ಫರ್ಮ್’, ಬೇಕಂತಲೇ ಬಳಸಿದ್ದು. ಮುಂದೆ ‘ವಿಂಡೋ ಡಾಟ್’ ಸೇರಿಸಿದೆ, ಹೋಯಿತು. ಒಂದು ಆ ಹಾಳು ‘ಸ್ಟೇಟಸ್’. ಒಂದು ‘ಈವೆಂಟ್’, ಪ್ಯಾರಾಮೀಟರ್ ಮರೆತಿದ್ದೆವು. ಅದು ಹೇಗೋ ನಡೆಯುತ್ತಿತ್ತು. ಆದರೆ ‘ಅವೇಟ್’ (ಉತ್ತರ ಬರುವವರೆಗೆ ಕಾಯುವುದು) ಆದ ಮೇಲೆ ಒಂದು ಕಡೆ ಅದೇ ‘ಈವೆಂಟ್’ ಬಳಸಿದ್ದೆವು, ಅಲ್ಲಿ ಅದು ಅನ್‌ಡಿಫೈನ್ಡ್. ಆಗಾಗ ಬರುತ್ತಿದ್ದ ಒಂದು ಕ್ರ್ಯಾಶಿಗೆ ಕಾರಣ ಈಗ ಗೊತ್ತಾಯಿತು.

31ನೆಯದು ನೋಡಿ ಕೈಕಾಲು ತಣ್ಣಗಾಯಿತು. ಗಡುವು ದಾಟಿದ ಬಿಲ್ಲುಗಳಿಗೆ ಬಡ್ಡಿ ಸೇರಿಸುವ ಫಂಕ್ಷನ್. ಲೂಪ್ ‘ಐ’ ಸೊನ್ನೆಯಿಂದ ಶುರುವಾಗಿ ‘ಲೆಂಗ್ತ್’ಗಿಂತ ಕಡಿಮೆ ಇರುವವರೆಗೆ ಓಡಬೇಕು. ಆ ‘ಲೆಂಗ್ತ್’ ನಮ್ಮದಲ್ಲ, ವಿಂಡೋದ್ದು. ಸೊನ್ನೆ. ಗಿಟ್‌ನಲ್ಲಿ ತಾರೀಕು ನೋಡಿದೆ, ಎಂಟು ತಿಂಗಳು. ಎಂಟು ತಿಂಗಳಿಂದ ಆ ಲೂಪ್ ಒಂದು ಸಲವೂ ತಿರುಗಿಲ್ಲ, ಯಾರಿಗೂ ಒಂದು ಪೈಸೆ ಬಡ್ಡಿ ಬಿದ್ದಿಲ್ಲ. ರೈತರು ಯಾಕೆ ಹೇಳುತ್ತಾರೆ. ಅಂಗಡಿಯವರೂ ಗಮನಿಸಿಲ್ಲ. ತಿದ್ದುವುದು ಒಂದೇ ಶಬ್ದದ ಕೆಲಸ, ತಿದ್ದಿ ಸುಮ್ಮನೆ ಇದ್ದುಬಿಡಲಾ ಅಂತ ಯೋಚಿಸುತ್ತಿದ್ದೇನೆ.

---

ಫಿಲ್ಟರ್_ಕಾಫಿ

ಒಂದು ನಿಮಿಷ. ಆ ಫಂಕ್ಷನ್ ಬಡ್ಡಿಯನ್ನು ಇವತ್ತಿನಿಂದ ಲೆಕ್ಕ ಹಾಕುತ್ತದೋ ಅಥವಾ ಗಡುವು ದಾಟಿದ ದಿನದಿಂದಲೋ?

---

ಉದ್ರಿ_ಪುಸ್ತಕ

ಗಡುವು ದಾಟಿದ ದಿನದಿಂದ.

---

ಫಿಲ್ಟರ್_ಕಾಫಿ

ಹಾಗಾದರೆ ನೀವು ಆ ಶಬ್ದ ತಿದ್ದಿ ಹಾಕಿದ ರಾತ್ರಿಯೇ ಎಂಟು ತಿಂಗಳ ಬಡ್ಡಿ ಒಟ್ಟಿಗೆ ಎಲ್ಲರ ಖಾತೆಗೂ ಬೀಳುತ್ತದೆ. ಆಮೇಲೆ ಅಂಗಡಿಯವರು ಆ ನೆನಪಿಸುವ ಬಟನ್ ಒತ್ತುತ್ತಾರೆ.

---

ಉದ್ರಿ_ಪುಸ್ತಕ

ಅಯ್ಯೋ. ಮೊದಲು ಅವರಿಗೆ ಫೋನ್ ಮಾಡುತ್ತೇನೆ, ಕೋಡ್ ನಾಳೆ ನೋಡೋಣ.